ತಿಪಟೂರಿನ 196 ದಿನ

ತಿಪಟೂರಲ್ಲಿ ನಮ್ಮನೆ ಅಡುಗೆಮನೆ ಗೋಡೆಗೆ ಪ್ರತಿ ವರ್ಷ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಬೇಕೇ ಬೇಕು. ಡಿಸೆಂಬರ್ ಮುಗಿಯೋ ಮುಂಚೇನೇ ಅಪ್ಪ ಪೇಟೆಗೆ ಹೋಗಿ ತಂದು ಅದೇ ಹಳೇ ಮೊಳೆಗೆ ನೇತುಹಾಕ್ತಾರೆ, ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ನು. ದಿನಾ ಬೆಳಗ್ಗೆ ಹಾಲು ಬಂದ ತಕ್ಷಣ ಅವತ್ತಿನ ಚೌಕದಲ್ಲಿ ಒಂದು ಗೀಟು, ಅರ್ಧ ಲೀಟರ್ ಜಾಸ್ತಿ ತಗೊಂಡಿದ್ರೆ ಪಕ್ಕದಲ್ಲಿ ಒಂದು ಚಿಕ್ಕ ಗೀಟು, ಸಿಲಿಂಡರ್ ಬಂದ್ರೆ 'ಗ್ಯಾಸ್', ತೋಟದಲ್ಲಿ ಕಾಯಿ ಕೀಳಿಸಿದ್ರೆ 'ಕಾಯಿ'. 2019ರ ಆಗಸ್ಟ್ ಹಾಳೇಲಿ 20ನೇ ತಾರೀಖಿನ ಚೌಕದಲ್ಲಿ 'ಪುಟ್ಟಿ ಬಂದಳು' ಅಂತ ಇದೆ, ಪುಟ್ಟಿ ಅಂದ್ರೆ ನಾನು. 2020ರ ಮಾರ್ಚ್ ಹಾಳೇಲಿ 1ನೇ ತಾರೀಖಿಗೆ 'ಪುಟ್ಟಿ ಹೊರಟಳು'. ಇವೆರಡರ ಮಧ್ಯೆ ಇರೋ ದಿನಗಳ ಬಗ್ಗೆ ಬರೀಬೇಕು ಅಂತ ಎಷ್ಟೋ ಸಲ ಕೂತು ಎದ್ದಿದೀನಿ. ಅಮೆರಿಕದ ಲೆಕ್ಕದಲ್ಲಿ ಅದು 196 ದಿನ. ನನ್ನ ಸಿಟಿಜನ್‌ಶಿಪ್ ಅರ್ಜಿ ಪೂರ್ತಿ ನೇತಾಡಿದ್ದು ಆ ಒಂದು ಸಂಖ್ಯೆ ಮೇಲೆ.

ನಾನು ನ್ಯೂಜೆರ್ಸಿಗೆ ಬಂದಿದ್ದು 2005ರಲ್ಲಿ, ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ. ಗ್ರೀನ್ ಕಾರ್ಡ್, ಅಂದ್ರೆ ಖಾಯಂ ವಾಸದ ಕಾರ್ಡ್, ಕೈಗೆ ಸಿಕ್ಕಿದ್ದು 2017ರ ಮಾರ್ಚ್‌ನಲ್ಲಿ, ಅಂದ್ರೆ ಹನ್ನೆರಡು ವರ್ಷ. ಭಾರತದಲ್ಲಿ ಹುಟ್ಟಿದವರ ಕ್ಯೂ ಗೊತ್ತಿರೋರಿಗೆ ಇದೇನೂ ಹೊಸದಲ್ಲ, ನನಗಿಂತ ಹಿಂದೆ ನಿಂತಿರೋರು ಇವತ್ತಿಗೂ ಕಾಯ್ತಾನೇ ಇದ್ದಾರೆ. ಆ ಹನ್ನೆರಡು ವರ್ಷ ಊರಿಗೆ ಹೋಗ್ಬೇಕು ಅಂದ್ರೆ ಮೊದಲು ವೀಸಾ ಸ್ಟಾಂಪಿಂಗ್ ಭಯ. ಚೆನ್ನೈಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಪಾಸ್‌ಪೋರ್ಟ್ ವಾಪಸ್ ಬರೋ ತನಕ ಜೀವ ಕೈಲಿ ಹಿಡ್ಕೊಂಡು ಕೂರೋದು. ಗ್ರೀನ್ ಕಾರ್ಡ್ ಬಂದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, 'ಇನ್ಮೇಲೆ ಯಾವಾಗ ಬೇಕಾದ್ರೂ ಬರ್ತೀನಿ, ಎಷ್ಟು ದಿನ ಬೇಕಾದ್ರೂ ಇರ್ತೀನಿ ಕಣಮ್ಮ'. ಆ ಮಾತಲ್ಲಿ ಮೊದಲರ್ಧ ನಿಜ, ಎರಡನೇ ಅರ್ಧ ನಿಜ ಅಲ್ಲ ಅನ್ನೋದು ಆವತ್ತು ನನಗೆ ಗೊತ್ತಿರ್ಲಿಲ್ಲ.

2019ರ ಆಗಸ್ಟ್ 16, ಶುಕ್ರವಾರ ಬೆಳಗ್ಗೆ ಅಮ್ಮನಿಗೆ ಸ್ಟ್ರೋಕ್ ಆಯ್ತು. ಬಚ್ಚಲ ಒಲೆಗೆ ಉರಿ ಹಾಕ್ತಿದ್ದೋರು ಹಾಗೇ ಪಕ್ಕಕ್ಕೆ ವಾಲಿದ್ರಂತೆ. ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ರು, ಬಲಗೈ ಬಲಗಾಲು ಬಿದ್ದು ಹೋಗಿತ್ತು, ಮಾತೂ ಹೋಗಿತ್ತು. ನಾನು 18ನೇ ತಾರೀಖು ಭಾನುವಾರ ನ್ಯೂಯಾರ್ಕ್ ಬಿಟ್ಟೆ. ಗಂಡ ಮತ್ತು ಎಂಟನೇ ಕ್ಲಾಸಿನ ಮಗ ಇಲ್ಲೇ ಉಳಿದ್ರು. ಮೂರು ವಾರ ಅಂದ್ಕೊಂಡು ಒಂದೇ ಸೂಟ್‌ಕೇಸಲ್ಲಿ ಹೋದೆ.

ಮೂರು ವಾರ ಆದ್ಮೇಲೆ ಅಮ್ಮನ್ನ ಮನೆಗೆ ಕರ್ಕೊಂಡು ಬಂದ್ವಿ, ಮೂಗಿಗೆ ರೈಲ್ಸ್ ಟ್ಯೂಬ್ ಹಾಕಿದ್ರು. ಆಗ ನನಗೆ ಅರ್ಥ ಆಯ್ತು, ಇದು ಮೂರು ವಾರದ ಕೆಲಸ ಅಲ್ಲ ಅಂತ. ಟ್ಯೂಬಿಗೆ ಹಾಕೋ ರಾಗಿ ಗಂಜಿ ಎಷ್ಟು ತೆಳ್ಳಗಿರಬೇಕು ಅಂತ ಕಲಿಯೋಕೇ ನನಗೆ ನಾಲ್ಕು ದಿನ ಹಿಡೀತು. ಹಿಟ್ಟನ್ನ ನೀರಲ್ಲಿ ಕದಡಿ ಕುದಿಸಿ, ಹಳೇ ಪಂಚೆ ಬಟ್ಟೇಲಿ ಎರಡು ಸಲ ಸೋಸಿ, ಕೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ದೊಡ್ಡ ಸಿರಿಂಜಿನ ಹಿಂದಿನ ದಂಡ ತೆಗೆದು, ಕೊಳವೆ ಮೇಲಕ್ಕೆ ಎತ್ತಿ ಹಿಡಿದು ಸುರೀಬೇಕು, ತಳ್ಳಬಾರದು, ತಾನಾಗೇ ಇಳೀಬೇಕು. ಒಂದು ಸಣ್ಣ ಗಂಟು ಉಳಿದ್ರೂ ಕಟ್ಟಿಕೊಳ್ಳುತ್ತೆ. ದಿನಕ್ಕೆ ಆರು ಸಲ, ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸೋದು, ಬೆನ್ನಿಗೆ ಪೌಡರ್, ಹಿಮ್ಮಡಿ ಕೆಳಗೆ ಕೈಗವಸಲ್ಲಿ ನೀರು ತುಂಬಿ ಇಡೋದು, ಹುಣ್ಣಾಗಬಾರದು ಅಂತ. ಆಯಾ ಇಟ್ಕೊಂಡಿದ್ವಿ, ಬರ್ತಿದ್ರು ಹೋಗ್ತಿದ್ರು. ಅಪ್ಪನಿಗೆ ಆಗಲೇ ಎಪ್ಪತ್ತಮೂರು, ಅಣ್ಣತಮ್ಮ ಯಾರೂ ಇಲ್ಲ ನನಗೆ. ಇಂಥಾ ಹೊತ್ತಲ್ಲಿ ದಿನ ಎಣಿಸೋರು ಯಾರು ಹೇಳಿ.

ಆದ್ರೆ ಎಣಿಸ್ತಿದ್ದ ಕಾನೂನು ಒಂದು ಇತ್ತು.

ಆಫೀಸಿನಲ್ಲಿ ಎಫ್‌ಎಂಎಲ್‌ಎ ರಜೆ ಕೊಟ್ಟರು, ಅದು ಅಪ್ಪ ಅಮ್ಮನ ಗಂಭೀರ ಕಾಯಿಲೆಗೆ ಕಾನೂನು ಕೊಡೋ 12 ವಾರ, ಸಂಬಳ ಇಲ್ಲ ಆದ್ರೆ ಕೆಲಸ ಹೋಗಲ್ಲ. ಅದು ಮುಗಿದ ಮೇಲೆ ನನ್ನ ಮ್ಯಾನೇಜರ್ ಹೋರಾಡಿ ಸಂಬಳವಿಲ್ಲದ ರಜೇನ ಮುಂದುವರಿಸಿ ಕೊಟ್ಟರು, ಅದಕ್ಕೊಂದು ಲೆಟರ್ ಕೂಡ ಕಳಿಸಿದ್ರು, ವಾಪಸ್ ಬರೋ ತಾರೀಖು ಹಾಕಿ. ಆ ಲೆಟರ್ ಎಷ್ಟು ದೊಡ್ಡ ಉಪಕಾರ ಅಂತ ನನಗೆ ತಿಳಿದಿದ್ದು ಎರಡು ವರ್ಷ ಆದ್ಮೇಲೆ. ನ್ಯೂಜೆರ್ಸಿ ಗೆಳೆಯರ ವಾಟ್ಸಾಪ್ ಗ್ರೂಪಲ್ಲಿ ಕೇಳಿದಾಗ ಬಂದ ಉತ್ತರ ಥರಾವರಿ. 'ಒಂದು ವರ್ಷದೊಳಗೆ ಬಂದ್ರೆ ಏನೂ ಇಲ್ಲ', 'ಆರು ತಿಂಗಳು ದಾಟಿದ್ರೆ ಕಾರ್ಡೇ ಹೋಯ್ತು', 'ನಡುವೆ ಒಂದು ಸಲ ಬಂದು ಮುಖ ತೋರಿಸಿ ಹೋದ್ರೆ ಸಾಕು'. ಮೂರರಲ್ಲೂ ಒಂದು ಚೂರು ಸತ್ಯ ಇದೆ, ಅದಕ್ಕೇ ಅವು ಅಷ್ಟು ಅಪಾಯ.

ಆಮೇಲೆ ನಾನು ಕಷ್ಟಪಟ್ಟು ಕಲಿತಿದ್ದನ್ನ ಹೇಳ್ತೀನಿ. ಗ್ರೀನ್ ಕಾರ್ಡ್ ಇರೋರು ದೇಶದ ಹೊರಗೆ ಹೋದಾಗ ಒಂದಲ್ಲ, ಮೂರು ಲೆಕ್ಕ ಒಟ್ಟೊಟ್ಟಿಗೆ ಓಡ್ತಿರುತ್ತೆ. ನಾವು ಮೂರನ್ನೂ ಕಲಸಿ ಒಂದೇ ಅಂದ್ಕೊಳ್ತೀವಿ.

ಮೊದಲನೇದು ಕಾರ್ಡ್ ಉಳಿಯುತ್ತಾ ಅನ್ನೋದು. ಅಮೆರಿಕವೇ ನಿಮ್ಮ ಖಾಯಂ ಮನೆ, ಹೋಗಿರೋದು ತಾತ್ಕಾಲಿಕ ಅನ್ನೋ ಉದ್ದೇಶ ಅಲ್ಲಿ ಮುಖ್ಯ. 180 ದಿನಕ್ಕಿಂತ ಹೆಚ್ಚು ಹೊರಗಿದ್ದು ಬಂದ್ರೆ ಏರ್‌ಪೋರ್ಟಲ್ಲಿ ಹೊಸದಾಗಿ ಪ್ರವೇಶ ಕೇಳ್ತಿರೋರ ಹಾಗೆ ನಿಮ್ಮನ್ನ ವಿಚಾರಿಸಬಹುದು, ಒಂದು ವರ್ಷ ದಾಟಿದ್ರೆ ಬರೀ ಕಾರ್ಡ್ ತೋರಿಸಿ ಒಳಗೆ ಬರೋಕೆ ಆಗಲ್ಲ.

ಎರಡನೇದು ನಿರಂತರ ವಾಸ. ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕೋ ಮುಂಚಿನ 5 ವರ್ಷ, ಅಮೆರಿಕನ್ ಸಿಟಿಜನ್ನನ್ನ ಮದುವೆಯಾಗಿ ಅವರ ಜೊತೆ ಬಾಳ್ತಿದ್ರೆ 3 ವರ್ಷ, ನಿಮ್ಮ ವಾಸ ಕಡಿದು ಹೋಗಿರಬಾರದು. ಒಂದೇ ಪ್ರಯಾಣದಲ್ಲಿ ಆರು ತಿಂಗಳಿಗಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಹೊರಗಿದ್ರೆ, ವಾಸ ಕಡಿದಿದೆ ಅಂತಲೇ ಅವರು ಭಾವಿಸ್ತಾರೆ. ಆದ್ರೆ ಅದು ಬರೀ ಭಾವನೆ, ತೀರ್ಪಲ್ಲ, ಕಡಿದಿಲ್ಲ ಅಂತ ತೋರಿಸೋ ಹೊಣೆ ನಮ್ಮ ಮೇಲೆ ಬೀಳುತ್ತೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾಯ್ತೋ, ಆಗ ವಾದಕ್ಕೆ ಜಾಗವೇ ಇಲ್ಲ, ಕಡಿದ ಹಾಗೇ. ಅಮೆರಿಕ ಸರ್ಕಾರದ ಕೆಲಸಕ್ಕೋ, ಅಮೆರಿಕನ್ ಕಂಪನಿಯೇ ಹೊರದೇಶಕ್ಕೆ ಕಳಿಸಿದ್ದಕ್ಕೋ, ಇಂಥಾ ಕೆಲವು ಕೆಲಸಕ್ಕೆ ಹೋದೋರಿಗೆ ಮಾತ್ರ ಎನ್-470 ಅನ್ನೋ ಫಾರ್ಮಿನ ದಾರಿ ಇದೆ, ಅದಕ್ಕೂ ಷರತ್ತು ಬೇಕಾದಷ್ಟು. ಅಮ್ಮನ್ನ ನೋಡ್ಕೊಳ್ಳೋಕೆ ಹೋದೋರಿಗೆ ಅಂಥಾ ಫಾರ್ಮ್ ಇಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಕಂಪನಿ ಕಳಿಸಿದ್ರೆ ಲೆಕ್ಕ ನಿಲ್ಲುತ್ತೆ, ತಾಯಿ ಕರೆದ್ರೆ ನಿಲ್ಲಲ್ಲ.

ಮೂರನೇದು ದೈಹಿಕವಾಗಿ ಇದ್ದ ದಿನ. ಇದು ಬರೀ ಕೂಡಿ ಕಳೆಯೋದು. ಐದು ವರ್ಷದಲ್ಲಿ ಅರ್ಧ, ಅಂದ್ರೆ 30 ತಿಂಗಳು, 913 ದಿನ, ನೀವು ಅಮೆರಿಕದ ನೆಲದ ಮೇಲೆ ಇರ್ಬೇಕು, ಮದುವೆ ಲೆಕ್ಕದ 3 ವರ್ಷಕ್ಕಾದ್ರೆ 548. ಹೊರಟ ದಿನ, ವಾಪಸ್ ಬಂದ ದಿನ ಎರಡನ್ನೂ ಇಲ್ಲಿ ಇದ್ದ ದಿನ ಅಂತಲೇ ಹಿಡೀತಾರೆ. ಇಲ್ಲಿ ಕಾರಣ ಯಾರೂ ಕೇಳಲ್ಲ. ನನಗೆ ಇದರಲ್ಲಿ ತೊಂದರೆ ಇರ್ಲಿಲ್ಲ, ಐದು ವರ್ಷದಲ್ಲಿ ಎಲ್ಲಾ ಪ್ರಯಾಣ ಸೇರಿ ನಾನು ಹೊರಗಿದ್ದಿದ್ದು 295 ದಿನ ಅಷ್ಟೇ. ತೊಂದರೆ ಇದ್ದಿದ್ದು ಆ ಒಂದೇ ಉದ್ದದ ಪ್ರಯಾಣದಲ್ಲಿ.

ಜನವರಿ ಹೊತ್ತಿಗೆ ಅಮ್ಮ ಸ್ವಲ್ಪ ಚೇತರಿಸ್ಕೊಂಡಿದ್ರು. ಎಡಗೈಯಲ್ಲಿ ನನ್ನ ಬೆರಳು ಹಿಡ್ಕೊಳ್ಳೋರು, 'ಬಾ', 'ಸಾಕು' ಅಂತ ಎರಡು ಮಾತು ಬರ್ತಿತ್ತು. ಅಷ್ಟೊತ್ತಿಗೆ ಆರು ತಿಂಗಳ ವಿಷಯ ನನ್ನ ಕಿವಿಗೆ ಸರಿಯಾಗಿ ಬಿದ್ದಿತ್ತು. ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ, ಆಗಸ್ಟ್ 18ರಿಂದ 180ನೇ ದಿನ ಫೆಬ್ರವರಿ 14. ಒಂದು ವಾರ ಕೈಲಿಟ್ಕೊಂಡು 8ನೇ ತಾರೀಖಿಗೆ ಟಿಕೆಟ್ ಮಾಡಿಸಿದೆ. ಅಪ್ಪ ಗೀಟು ಹಾಕೋ ಅದೇ ಚೌಕದಲ್ಲಿ ನಾನು ಪೆನ್ಸಿಲಲ್ಲಿ ಚಿಕ್ಕದಾಗಿ ಒಂದು ಸೊನ್ನೆ ಹಾಕಿದ್ದೆ. ಅಪ್ಪ ಅದನ್ನ ನೋಡಿದ್ರು, ಏನೂ ಕೇಳ್ಲಿಲ್ಲ.

ಫೆಬ್ರವರಿ 6ರ ರಾತ್ರಿ ಅಮ್ಮನಿಗೆ ಉಸಿರು ಎಳೆಯೋಕೆ ಶುರುವಾಯ್ತು. ಗಂಜಿ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗಿದೆ ಅಂದ್ರು ಡಾಕ್ಟ್ರು, ಎಷ್ಟು ದಿನ ಅಂತ ಹೇಳೋಕಾಗಲ್ಲ ಅಂದ್ರು. ನಾನು ಆಸ್ಪತ್ರೆ ಕಾರಿಡಾರಲ್ಲಿ ಕೂತು ಟಿಕೆಟ್ ಮುಂದಕ್ಕೆ ಹಾಕಿದೆ. ಇದನ್ನ ನಾನು ಸ್ಪಷ್ಟವಾಗಿ ಹೇಳ್ಬೇಕು, ನಾನು ಗೊತ್ತಿಲ್ಲದೆ ಆರು ತಿಂಗಳು ದಾಟ್ಲಿಲ್ಲ, ಗೊತ್ತಿದ್ದೂ ದಾಟಿದೆ. 10ನೇ ತಾರೀಖು ಸೋಮವಾರ ಅಮ್ಮ ಹೋದ್ರು, ಅವರ ಎಡಗೈ ನನ್ನ ಕೈಲಿತ್ತು. 14ರೊಳಗೆ ಓಡಿ ಹೋಗಿ ನ್ಯೂಜೆರ್ಸಿ ಮುಟ್ಟಿದ್ರೆ ಲೆಕ್ಕ ಉಳೀತಿತ್ತು, ಸುಟ್ಟು ಬಂದು ನಾಲ್ಕು ದಿನ ಆಗಿರೋ ಮನೇಲಿ ಅಪ್ಪನ್ನ ಬಿಟ್ಟು ಯಾರು ಹೋಗ್ತಾರೆ? 20ನೇ ತಾರೀಖು ಹನ್ನೊಂದನೇ ದಿನದ ತಿಥಿ ಮಾಡಿದ್ವಿ. ಮರುದಿನ ಶಿವರಾತ್ರಿ, ಊರೆಲ್ಲಾ ಜಾಗರಣೆ, ನಮ್ಮನೇಲಿ ಅಪ್ಪ ನಾನು ಇಬ್ಬರೂ ಜಗಲಿ ಮೇಲೆ ಸುಮ್ಮನೆ ಕೂತಿದ್ವಿ. ಆಮೇಲೊಂದು ವಾರ ಅಪ್ಪನಿಗೆ ಅಡುಗೆಗೆ ಒಬ್ಬರನ್ನ ಗೊತ್ತು ಮಾಡಿ, ಪೆನ್ಷನ್ ಕಾಗದ ಪತ್ರ ಸರಿ ಮಾಡಿ, ಮಾರ್ಚ್ 1ರಂದು ಹೊರಟು 2ನೇ ತಾರೀಖು ಇಲ್ಲಿ ಇಳಿದೆ.

ಏರ್‌ಪೋರ್ಟಿನ ಅಧಿಕಾರಿ ಎಷ್ಟು ದಿನ ಹೊರಗಿದ್ರಿ ಅಂದ್ರು, ಆರೂವರೆ ತಿಂಗಳು ಅಂದೆ. ಯಾಕೆ ಅಂದ್ರು. ಅಮ್ಮನ ಡೆತ್ ಸರ್ಟಿಫಿಕೇಟ್ ಹ್ಯಾಂಡ್‌ಬ್ಯಾಗಲ್ಲೇ ಇತ್ತು, ಅದನ್ನ ತೆಗೆಯೋಕೆ ಹೋದಾಗ ಅವರೇ ಬೇಡ ಅಂತ ಕೈ ಸನ್ನೆ ಮಾಡಿ ಒಳಗೆ ಬಿಟ್ಟರು. ಮೂರೇ ವಾರ, ಮಾರ್ಚ್ 23ಕ್ಕೆಲ್ಲಾ ಭಾರತಕ್ಕೆ ಬರೋ ಅಂತಾರಾಷ್ಟ್ರೀಯ ವಿಮಾನ ನಿಂತು ಹೋಯ್ತು. ಇನ್ನೊಂದು ತಿಂಗಳು ಇದ್ದು ಹೋಗೋಣ ಅಂದ್ಕೊಂಡಿದ್ರೆ ನಾನೂ ಅಲ್ಲೇ ಸಿಕ್ಕಿ ಹಾಕ್ಕೊಳ್ತಿದ್ದೆ, ಹಾಗೆ ಸಿಕ್ಕಿ ಹಾಕ್ಕೊಂಡೋರು ಎಷ್ಟೋ ಜನ. ಮೇ 7ರಿಂದ ವಂದೇ ಭಾರತ್ ವಿಮಾನ ಶುರುವಾದ್ರೂ ಮಾಮೂಲಿ ವಿಮಾನ ಪೂರ್ತಿ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ಇತ್ತ ಕಡೆಯಿಂದ ಇನ್ನೊಂದು ಸಂಕಟ, ಹೆಂಡತಿ ಸತ್ತು ಒಂದೂವರೆ ತಿಂಗಳಿಗೆ ಲಾಕ್‌ಡೌನ್ ಆಗಿ ಅಪ್ಪ ಒಬ್ಬರೇ ಮನೇಲಿ. ದಿನಾ ವಿಡಿಯೋ ಕಾಲಲ್ಲಿ ಕ್ಯಾಲೆಂಡರ್ ಹಿಂದುಗಡೆ ಕಾಣ್ತಿತ್ತು, ಗೀಟು ಒಂದರಿಂದ ಅರ್ಧಕ್ಕೆ ಇಳಿದಿತ್ತು. ಒಬ್ಬರಿಗೆ ಅರ್ಧ ಲೀಟರ್ ಸಾಕಲ್ಲ.

ನಾನು ಸಿಟಿಜನ್ ಆಗ್ಬೇಕು ಅಂತ ನಿರ್ಧಾರ ಮಾಡಿದ್ದು ಆ ದಿನಗಳಲ್ಲಿ. ಕೇಳೋರಿಗೆ ಇದು ತಲೆಕೆಳಗು ಅನ್ನಿಸುತ್ತೆ, ಊರಿನ ಮೇಲೆ ಅಷ್ಟು ಪ್ರೀತಿ ಇದ್ರೆ ಭಾರತದ ಪಾಸ್‌ಪೋರ್ಟ್ ಯಾಕೆ ಬಿಡ್ತೀಯ ಅಂತ ಚಿಕ್ಕಪ್ಪ ನೇರವಾಗೇ ಕೇಳಿದ್ರು. ಆದ್ರೆ ನೋಡಿ, ಗ್ರೀನ್ ಕಾರ್ಡ್ ಇರೋ ತನಕ ನನ್ನ ಒಂದು ಕಾಲಿಗೆ ಹಗ್ಗ ಕಟ್ಟಿದ ಹಾಗೆ, ಅಪ್ಪನಿಗೆ ನಾಳೆ ಏನಾದ್ರೂ ಆದ್ರೆ ಮತ್ತೆ ಪೆನ್ಸಿಲ್ ಹಿಡ್ಕೊಂಡು ಸೊನ್ನೆ ಹಾಕ್ಬೇಕು. ಸಿಟಿಜನ್ ಆದ್ರೆ ತಿಪಟೂರಲ್ಲಿ ಎರಡು ವರ್ಷ ಇದ್ದು ಬಂದ್ರೂ ಯಾರೂ ಕೇಳೋ ಹಾಗಿಲ್ಲ. ಊರಲ್ಲಿ ಬೇಕಾದಷ್ಟು ದಿನ ಇರೋಕೆ ನನಗೆ ಅಮೆರಿಕದ ಪಾಸ್‌ಪೋರ್ಟ್ ಬೇಕಾಯ್ತು. ಚಿಕ್ಕಪ್ಪನಿಗೆ ಇದನ್ನ ಅರ್ಥ ಮಾಡಿಸೋಕೆ ಎರಡು ಸಂಜೆ ಹಿಡೀತು.

ಐದು ವರ್ಷ ತುಂಬೋಕೆ 90 ದಿನ ಮುಂಚೆಯಿಂದ ಅರ್ಜಿ ಹಾಕಬಹುದು. ನಾನು ವಕೀಲೆಯೊಬ್ಬರ ಹತ್ರ ಹೋದೆ. ಅವರು ಎರಡು ದಾರಿ ಹೇಳಿದ್ರು. ಒಂದು, ವಾಪಸ್ ಬಂದ ದಿನದಿಂದ ನಾಲ್ಕೂವರೆ ವರ್ಷ ಕಾದು 2024ರ ಸೆಪ್ಟೆಂಬರಲ್ಲಿ ಹಾಕೋದು, ಆಗ ಹಿಂದಿನ ಐದು ವರ್ಷದ ಅವಧಿಯೊಳಗೆ ಆ ಪ್ರಯಾಣದ ಆರು ತಿಂಗಳಿಗಿಂತ ಕಡಿಮೆ ಭಾಗವೇ ಬರುತ್ತೆ, ಪ್ರಶ್ನೆಯೇ ಏಳಲ್ಲ. ಇನ್ನೊಂದು, ಈಗಲೇ ಹಾಕಿ, ವಾಸ ಕಡಿದಿಲ್ಲ ಅಂತ ಸಾಕ್ಷಿ ಕೊಡೋದು. ಅಪ್ಪನ ವಯಸ್ಸು ನೋಡಿ ನಾನು ಎರಡನೇದು ಆರಿಸ್ಕೊಂಡೆ, 2022ರ ಜನವರೀಲಿ ಆಗಿನ ಶುಲ್ಕ 725 ಡಾಲರ್ ಕಟ್ಟಿ ಎನ್-400 ಅನ್ನೋ ಸಿಟಿಜನ್‌ಶಿಪ್ ಅರ್ಜಿ ಹಾಕಿದೆ.

ಆ ಫಾರ್ಮಲ್ಲಿ ಐದು ವರ್ಷದಲ್ಲಿ 24 ಗಂಟೆ ಮೀರಿ ಹೊರಗೆ ಹೋದ ಪ್ರತಿಯೊಂದು ಪ್ರಯಾಣದ ಹೋದ ದಿನ ಬಂದ ದಿನ ಬರೀಬೇಕು. ಈಗೀಗ ಅಮೆರಿಕದವರು ಪಾಸ್‌ಪೋರ್ಟಿಗೆ ಸ್ಟಾಂಪ್ ಹಾಕೋದೇ ಕಡಿಮೆ. ಬಂದುಹೋಗೋರ ದಾಖಲೆ ಇಡೋ ಸರ್ಕಾರದ ಐ-94 ವೆಬ್‌ಸೈಟಲ್ಲಿ ಪ್ರಯಾಣದ ಪಟ್ಟಿ ಸಿಗುತ್ತೆ, ಎಲ್ಲಾ ಸಲ ಪೂರ್ತಿ ಇರಲ್ಲ. ನಾನು ಬೆಂಗಳೂರು ಇಮಿಗ್ರೇಷನ್ ಸ್ಟಾಂಪು, ಏರ್‌ಲೈನ್ ಇಮೇಲು ಎಲ್ಲಾ ಹರಡ್ಕೊಂಡು ಕೂತೆ, 2018ರ ಒಂದು ಪ್ರಯಾಣದ್ದು ಮಾತ್ರ ಹೊಂದ್ತಾನೇ ಇರ್ಲಿಲ್ಲ, ಸ್ಟಾಂಪ್ ಮಸುಕಾಗಿ 3ನೋ 8ನೋ ಗೊತ್ತಾಗ್ತಿರ್ಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅವರು ಅಟ್ಟದ ಮೇಲಿಂದ ಹಳೇ ಕ್ಯಾಲೆಂಡರ್ ಕಟ್ಟು ಇಳಿಸಿ, ಕನ್ನಡಕ ಹುಡುಕಿ, ಹಾಳೆ ಮಗುಚಿ ನಿಧಾನಕ್ಕೆ ಓದಿದ್ರು. 'ಹತ್ತನೇ ತಾರೀಖು, ಗ್ಯಾಸ್. ಎಂಟು, ಪುಟ್ಟಿ ಹೊರಟಳು. ಹಾಲು ಒಂದೂವರೆ.' ಎಂಟು. ನನ್ನ ಅರ್ಜೀಲಿ ಆ ತಾರೀಖು ಬಂದಿದ್ದು ಹಾಗೆ.

ಸಾಕ್ಷಿ ಅಂದ್ರೆ ಏನೇನು ಅಂತ ತುಂಬಾ ಜನ ಕೇಳ್ತಾರೆ, ನನ್ನ ಫೈಲಲ್ಲಿ ಇದ್ದಿದ್ದು ಇಷ್ಟು. ಕೆಲಸ ಬಿಟ್ಟಿಲ್ಲ ಅನ್ನೋಕೆ ಆಫೀಸಿನ ರಜೆ ಲೆಟರ್ ಮತ್ತು ವಾಪಸ್ ಬಂದ ಮೇಲಿನ ಸಂಬಳದ ಚೀಟಿ. ಹೊರಗೆ ಎಲ್ಲೂ ಕೆಲಸಕ್ಕೆ ಸೇರ್ಲಿಲ್ಲ. ಗಂಡ ಇಲ್ಲೇ ಇದ್ದಿದ್ದಕ್ಕೆ ಅವರ ಕೆಲಸದ ಕಾಗದ, ಮಗನ ಸ್ಕೂಲಿನಿಂದ ಆ ವರ್ಷದ ಹಾಜರಿ ಪತ್ರ. ಮನೆ ನಮ್ಮದೇ ಕೈಲಿತ್ತು, ಯಾರಿಗೂ ಬಾಡಿಗೆಗೆ ಕೊಟ್ಟಿರ್ಲಿಲ್ಲ ಅನ್ನೋಕೆ ಮನೆ ಸಾಲದ ಕಂತು, ಕರೆಂಟ್ ಬಿಲ್ಲು. ಪ್ರತಿ ವರ್ಷದ ಟ್ಯಾಕ್ಸು ರೆಸಿಡೆಂಟ್ ಅಂತಲೇ ಕಟ್ಟಿದ್ದು. ಹೊರಗಿದ್ದೆ ಅಂತ ನಾನ್-ರೆಸಿಡೆಂಟ್ ಫಾರ್ಮ್ ತುಂಬಿದ್ರೆ ಅದೊಂದೇ ಸಾಕು ಕೇಸ್ ಕೆಡೋಕೆ, ಸ್ವಲ್ಪ ಟ್ಯಾಕ್ಸ್ ಉಳಿಯುತ್ತೆ ಅನ್ನೋ ಆಸೆಗೆ ದಯವಿಟ್ಟು ಯಾರೂ ಆ ಕೆಲಸ ಮಾಡ್ಬೇಡಿ. ಕೊನೇಲಿ ಅಮ್ಮನ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಡೆತ್ ಸರ್ಟಿಫಿಕೇಟು. ವಕೀಲೆ ಒಂದು ಮಾತು ಹೇಳಿದ್ರು, ಅಮ್ಮನ ಕಾಯಿಲೆ ನೀವು ಯಾಕೆ ಹೋದ್ರಿ ಅಂತ ಹೇಳುತ್ತೆ, ಆದ್ರೆ ಅವರು ಕೇಳೋ ಪ್ರಶ್ನೆ ಅದಲ್ಲ, ನೀವು ಹೋದಾಗ ನಿಮ್ಮ ಮನೆ ಎಲ್ಲಿತ್ತು ಅನ್ನೋದು. ಆವತ್ತು ಮನೆಗೆ ಬಂದು ಅಳು ಬಂತು. ನನ್ನ ಮನೆ ಎಲ್ಲಿತ್ತು ಅಂತ ಕಾಗದದಲ್ಲಿ ಸಾಬೀತು ಮಾಡೋಕೆ ಕರೆಂಟ್ ಬಿಲ್ ಜೋಡಿಸ್ತಾ ಇದ್ದೀನಿ, ಆ ಆರು ತಿಂಗಳು ನನ್ನ ಜೀವ ಪೂರ್ತಿ ತಿಪಟೂರಿನ ಒಂದು ಮಂಚದ ಪಕ್ಕ ಇತ್ತು.

ಇದೇ ಸಮಯದಲ್ಲಿ ನಮ್ಮ ಕಡೆಯವರೇ ಒಬ್ಬ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡೋರು, ಅವರ ಕತೆ ಬೇರೆ ಥರ ಆಯ್ತು. ಅತ್ತೆ ಮಾವ ಇಬ್ಬರಿಗೂ ಹುಷಾರಿಲ್ಲ ಅಂತ ಹೋಗೋ ಮುಂಚೆ ಒಂದು ವರ್ಷ ದಾಟಿದ್ರೂ ವಾಪಸ್ ಬರೋಕೆ ಬೇಕಾದ ರೀ-ಎಂಟ್ರಿ ಪರ್ಮಿಟ್‌ಗೆ ಐ-131 ಅನ್ನೋ ಫಾರ್ಮ್ ಹಾಕಿದ್ರು, ಅದನ್ನ ಅಮೆರಿಕದಲ್ಲಿ ಇದ್ದಾಗಲೇ ಹಾಕ್ಬೇಕು, ಹಾಕಿದ್ರು, ಎರಡು ವರ್ಷಕ್ಕೆ ಸಿಕ್ತು. ಫಾರ್ಮ್ ತುಂಬಿಕೊಟ್ಟೋರು 'ಇನ್ನೇನೂ ಯೋಚನೆ ಇಲ್ಲ ಮೇಡಂ, ಎಲ್ಲಾ ಸೇಫ್' ಅಂದಿದ್ರಂತೆ. ಹದಿನಾಲ್ಕು ತಿಂಗಳು ಇದ್ದು 2022ರ ಜೂನಲ್ಲಿ ವಾಪಸ್ ಬಂದ್ರು. ಕಾರ್ಡ್ ಸೇಫಾಗೇ ಇತ್ತು, ಪರ್ಮಿಟ್ ಇರೋದೇ ಅದಕ್ಕೆ. ಸಿಟಿಜನ್‌ಶಿಪ್ ಲೆಕ್ಕ ಮಾತ್ರ ಕಡಿದು ಹೋಗಿತ್ತು, ಪರ್ಮಿಟ್ ಅದನ್ನ ಕಾಪಾಡಲ್ಲ. ಆರು ವರ್ಷ ಇಲ್ಲಿ ಕಾರ್ಡ್ ಇಟ್ಕೊಂಡು ಬಾಳಿದೋರು, ಮತ್ತೆ ವಾಪಸ್ ಬಂದ ದಿನದಿಂದ ನಾಲ್ಕು ವರ್ಷ ಒಂದು ದಿನ ಕಾಯ್ಬೇಕು, ಆಗಲೂ ಹಿಂದಿನ ಐದು ವರ್ಷದೊಳಗೆ ಅವರು ಹೊರಗಿದ್ದ ಸುಮಾರು ಒಂದು ವರ್ಷ ಇನ್ನೂ ಕಾಣ್ತಿರುತ್ತೆ, ನನ್ನ ಹಾಗೇ ಸಾಕ್ಷಿ ಕೊಡ್ಬೇಕು, ಅದೂ ಬೇಡ ಅಂದ್ರೆ ನಾಲ್ಕೂವರೆ ವರ್ಷ, 2026ರ ಡಿಸೆಂಬರ್. 'ಒಂದು ವರ್ಷ ತುಂಬೋ ಮುಂಚೆ ಒಂದು ಸಲ ಬಂದು ಹೋಗಿದ್ರೆ ಆಗ್ತಿತ್ತಲ್ಲ, ಯಾರೂ ಹೇಳ್ಲಿಲ್ಲ ನಂಗೆ' ಅಂತ ಅವರು ಫೋನಲ್ಲಿ ಅಂದಿದ್ದು ನನ್ನ ಕಿವೀಲಿ ಇನ್ನೂ ಇದೆ. ನಾನು ಇದನ್ನೆಲ್ಲಾ ಬರೆಯೋಕೆ ಅರ್ಧ ಕಾರಣ ಅವರು.

'ಮುಖ ತೋರಿಸಿ ಹೋಗೋ' ದಾರಿ ಬಗ್ಗೆನೂ ಒಂದು ಮಾತು. ಐದೂವರೆ ತಿಂಗಳು ಅಲ್ಲಿದ್ದು, ಎರಡು ವಾರ ಇಲ್ಲಿಗೆ ಬಂದು, ಮತ್ತೆ ಐದೂವರೆ ತಿಂಗಳು. ಯಾವ ಪ್ರಯಾಣವೂ ಆರು ತಿಂಗಳು ದಾಟ್ಲಿಲ್ಲ ನಿಜ, ಆದ್ರೆ ಅಧಿಕಾರಿ ಇಡೀ ಚಿತ್ರ ನೋಡ್ತಾರೆ, ನಿಮ್ಮ ಬಾಳು ನಿಜವಾಗ್ಲೂ ಎಲ್ಲಿ ಅಂತ ಕೇಳೋ ಹಕ್ಕು ಅವರಿಗಿದೆ, ಜೊತೆಗೆ 913 ದಿನದ ಲೆಕ್ಕ ಯಾವ ಉಪಾಯಕ್ಕೂ ಬಗ್ಗಲ್ಲ. ಮಕ್ಕಳು ಗ್ರೀನ್ ಕಾರ್ಡ್ ಮಾಡಿಸಿಕೊಟ್ಟಿರೋ ನಮ್ಮ ಅಪ್ಪ ಅಮ್ಮಂದಿರು ಸಿಕ್ಕಿ ಬೀಳೋದು ಇಲ್ಲೇ. ಚಳಿಗಾಲ ಮೈಸೂರಲ್ಲಿ, ಬೇಸಿಗೆ ನ್ಯೂಜೆರ್ಸಿಯ ಎಡಿಸನ್ನಲ್ಲಿ ಅಂತ ಆರಾರು ತಿಂಗಳು ಹಂಚ್ಕೊಂಡಿರೋರಿಗೆ ಸರಿಯಾಗಿ ಅರ್ಧ ಬರುತ್ತೆ, ಒಂದು ವರ್ಷ ಮದುವೆ ಮುಂಜಿ ಅಂತ ಹತ್ತು ದಿನ ಹೆಚ್ಚಿಗೆ ಉಳಿದ್ರೂ ಅರ್ಧದಿಂದ ಕೆಳಗೆ ಜಾರ್ತಾರೆ. ಇನ್ನೊಂದು ವಿಷಯ ಅವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ, 55 ವಯಸ್ಸು ದಾಟಿ ಗ್ರೀನ್ ಕಾರ್ಡಲ್ಲಿ 15 ವರ್ಷ ಇಲ್ಲಿ ಇದ್ದೋರಿಗೆ, ಅಥವಾ 50 ದಾಟಿ 20 ವರ್ಷ ಇದ್ದೋರಿಗೆ, ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿ ಇಟ್ಕೊಂಡು ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಹೇಳ್ಬಹುದು. ಇಂಗ್ಲಿಷ್ ಬರಲ್ಲ ಅಂತ ಹೆದರಿ ಅರ್ಜೀನೇ ಹಾಕದಿರೋ ಅಜ್ಜಿಯರನ್ನ ನಾನು ನೋಡಿದೀನಿ.

ನನ್ನ ಇಂಟರ್‌ವ್ಯೂ ಆಗಿದ್ದು 2022ರ ನವೆಂಬರಲ್ಲಿ. ಆಗ ನೂರು ಪ್ರಶ್ನೆ ಓದ್ಕೊಂಡು ಹೋಗ್ಬೇಕಿತ್ತು, ಹತ್ತರಲ್ಲಿ ಆರು ಸರಿ ಹೇಳಿದ್ರೆ ಪಾಸು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದೋರಿಗೆ 128 ಪ್ರಶ್ನೆ, 20ರಲ್ಲಿ 12 ಸರಿ ಆಗ್ಬೇಕು. ಅದು ಬೇಗ ಮುಗೀತು. ಆಮೇಲೆ ಅಧಿಕಾರಿ ಪ್ರಯಾಣದ ಪಟ್ಟಿ ಮೇಲೆ ಬೆರಳು ಇಳಿಸ್ತಾ ಬಂದು ಒಂದು ಕಡೆ ನಿಲ್ಲಿಸಿದ್ರು, ಎಲ್ಲಿ ನಿಲ್ಲಿಸ್ತಾರೆ ಅಂತ ನನಗೆ ಗೊತ್ತಿತ್ತು. ಫೈಲ್ ಕೊಟ್ಟೆ. ಅವರು ಆಫೀಸಿನ ಲೆಟರ್ ಓದಿದ್ರು, ಮಗನ ಸ್ಕೂಲ್ ಪತ್ರ ಓದಿದ್ರು, ಡೆತ್ ಸರ್ಟಿಫಿಕೇಟಿನ ತಾರೀಖು ನೋಡಿ, ನೀವು ಫೆಬ್ರವರೀಲೇ ಬರಬಹುದಿತ್ತಲ್ಲ ಅಂದ್ರು. ಜೋರಾಗಿ ಕೇಳ್ಲಿಲ್ಲ, ಕೇಳ್ಬೇಕಾದ್ದನ್ನ ಕೇಳಿದ್ರು. ತಾಯಿ ಹೋದ ಮೇಲೆ ನಮ್ಮಲ್ಲಿ ಹನ್ನೊಂದು ದಿನದ ಕಾರ್ಯ ಇರುತ್ತೆ, ನಾನು ಒಬ್ಬಳೇ ಮಗಳು, ಆಮೇಲೆ ಅಪ್ಪನಿಗೆ ಒಂದು ವ್ಯವಸ್ಥೆ ಮಾಡಿ ಬಂದೆ ಅಂದೆ. ಬರ್ಕೊಂಡ್ರು. ಒಂದು ನಿಮಿಷ ಕೀಬೋರ್ಡ್ ಸದ್ದು ಬಿಟ್ಟು ಏನೂ ಇಲ್ಲ. ಆಮೇಲೆ ನಿಮ್ಮ ಅರ್ಜಿ ಒಪ್ಪಿಗೆಗೆ ಶಿಫಾರಸು ಮಾಡ್ತೀನಿ ಅಂದ್ರು, ನನ್ನ ಕೈಕಾಲು ತಣ್ಣಗಾಗಿತ್ತು.

ಡಿಸೆಂಬರಲ್ಲಿ ಪ್ರಮಾಣ ತಗೊಂಡೆ. ಭಾರತ ಎರಡು ಪೌರತ್ವ ಒಪ್ಪಲ್ಲ, ಆ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತೆ. ಅಶೋಕ ಸ್ತಂಭದ ಲಾಂಛನದ ನೀಲಿ ಪಾಸ್‌ಪೋರ್ಟನ್ನ ಸರೆಂಡರ್ ಮಾಡಿ, ರದ್ದಾದ ಗುರುತು ಹೊತ್ತು ವಾಪಸ್ ಬಂದಾಗ ಅದನ್ನ ಅಮ್ಮನ ಸೀರೆ ಇಟ್ಟಿರೋ ಪೆಟ್ಟಿಗೇಲಿ ಇಟ್ಟೆ. ಭಾರತ ಮೂಲದ ಬೇರೆ ದೇಶದ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡಿಗೆ ಅರ್ಜಿ ಹಾಕಿದೆ. ಅಪ್ಪ ಫೋನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. 'ಇನ್ಮೇಲೆ ನಮ್ಮೂರಿಗೆ ಬರೋಕೆ ನೀನು ವೀಸಾ ಕೇಳ್ಬೇಕಾ?' ಬೇಡಪ್ಪ, ಓಸಿಐ ಇದ್ರೆ ಜೀವನ ಪೂರ್ತಿ ಬರಬಹುದು, ಎಷ್ಟು ದಿನ ಬೇಕಾದ್ರೂ ಇರಬಹುದು, ಓಟು ಮಾತ್ರ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ತೋಟ?' ಅಂದ್ರು. ಹೊಸದಾಗಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ನಮ್ಮದು ನಮಗೆ ಪಿತ್ರಾರ್ಜಿತವಾಗಿ ಬರಬಹುದು ಅಂದೆ. 'ಸರಿ ಬಿಡು' ಅಂದ್ರು. ಅವರು ಎಷ್ಟು ದಿನದಿಂದ ಆ ಎರಡನೇ ಪ್ರಶ್ನೇನ ಒಳಗೇ ಇಟ್ಕೊಂಡಿದ್ರೋ.

2023ರ ಜುಲೈಯಲ್ಲಿ ಹೋದೆ, ಹೋಗೋ ಟಿಕೆಟ್ ಮಾತ್ರ ಮಾಡಿಸಿ. ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಒಂದಾದ ಮೇಲೆ ಒಂದು ಮಾಡಿಸಿದ್ವಿ, ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಿದ್ವಿ, ಕೊಬ್ಬರಿ ಸುಲಿಸಿ ಮಾರುಕಟ್ಟೆಗೆ ಕಳಿಸಿದ್ವಿ. ಮಗ ರಜೆಗೆ ಬಂದು ಹೋದ. ದೀಪಾವಳಿ ಆಯ್ತು, ಸಂಕ್ರಾಂತಿ ಆಯ್ತು. ಜನವರೀಲಿ ಒಂದು ಬೆಳಗ್ಗೆ ಕಾಫಿ ಕುಡೀತಾ ನನಗೆ ಗೊತ್ತಿಲ್ಲದೆ ಕ್ಯಾಲೆಂಡರ್ ಹತ್ರ ಹೋಗಿ ಬೆರಳಲ್ಲಿ ಚೌಕ ಎಣಿಸೋಕೆ ಶುರು ಮಾಡಿದ್ದೆ, ಅಭ್ಯಾಸ. ಅಪ್ಪ ಹಿಂದಿನಿಂದ ಬಂದು, 'ಯಾವತ್ತು ಹೊರಡ್ತೀಯವ್ವ?' ಅಂದ್ರು. ಇನ್ನೂ ಗೊತ್ತಿಲ್ಲಪ್ಪ ಅಂದೆ. ಅವರು ದಾರದಲ್ಲಿ ನೇತಾಡ್ತಿದ್ದ ಪೆನ್ನು ತಗೊಂಡು ಅವತ್ತಿನ ಚೌಕದಲ್ಲಿ ಒಂದು ದೊಡ್ಡ ಗೀಟು, ಪಕ್ಕದಲ್ಲಿ ಒಂದು ಚಿಕ್ಕ ಗೀಟು ಹಾಕಿ, 'ಹಂಗಾದ್ರೆ ಹಾಲು ಇಷ್ಟೇ ಹಾಕ್ಲಿ ಅಂತ ಹೇಳ್ಬಿಡ್ತೀನಿ' ಅಂತ ಬಾಗಿಲ ಕಡೆ ಹೋದ್ರು.